ಗಾಡಿ ಟ್ರೇಲರಿನಲ್ಲಿ, ಮಕ್ಕಳು ಬಸ್ಸಿನಲ್ಲಿ

ಓದುವ ಮೊದಲು ಯೋಚಿಸಿ:
ನಿಮ್ಮ ಊರಿನಿಂದ ಕಬ್ಬು ಕಡಿಯಲು ಯಾರು ಯಾರು ಹೋಗುತ್ತಾರೆ? ಅವರು ಮೋಟರ್‌ಸೈಕಲ್ ಒಯ್ಯುತ್ತಾರೆಯೇ? ಹೇಗೆ ಒಯ್ಯುತ್ತಾರೆ?

ದೀಪಾವಳಿ ಬಂತೆಂದರೆ ಜತ್ತ ಸೀಮೆಯ ಊರುಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಬರುತ್ತದೆ. ಮುಕಾದಮರು ಗ್ಯಾಂಗು ಕೂಡಿಸುತ್ತಾರೆ. ಒಣಭೂಮಿಯ ಜನ ನೀರಿರುವ ಸೀಮೆಗೆ ಹೊರಡುತ್ತಾರೆ. ಕೆಲವರು ಸಾಂಗಲಿ, ಕೊಲ್ಹಾಪುರದ ಕಡೆ ಹೋಗುತ್ತಾರೆ. ಕೆಲವರು ಬೆಳಗಾವಿ, ಬಾಗಲಕೋಟೆಯ ಕಡೆ ಹೋಗುತ್ತಾರೆ. ಮತ್ತೆ ಊರು ನೋಡುವುದು ಯುಗಾದಿಯ ಸುಮಾರಿಗೆ.

ಐದಾರು ತಿಂಗಳ ಸಂಸಾರ ಒಂದು ಟ್ರೇಲರಿನಲ್ಲಿ ಹೋಗಬೇಕು. ಹಿಟ್ಟು, ಜೋಳ, ಭಾಂಡೆ, ಹಾಸಿಗೆ, ಕೌದಿ, ಒಲೆ, ಕಟ್ಟಿಗೆ, ತಾಡಪತ್ರಿ, ಕೊಯ್ತಾ, ಕೋಳಿ ಬುಟ್ಟಿ ಎಲ್ಲವೂ ಅದರಲ್ಲೇ. ಈಗ ಅದರ ಜೊತೆ ಮೋಟರ್‌ಸೈಕಲ್ ಕೂಡ ಏರುತ್ತದೆ. ನಾವು ಅದನ್ನು ಗಾಡಿ ಎನ್ನುತ್ತೇವೆ. ಈ ಪಾಠದಲ್ಲಿಯೂ ಗಾಡಿ ಎಂದರೆ ಮೋಟರ್‌ಸೈಕಲ್.

ಗಾಡಿ ಒಯ್ಯುವುದು ತಪ್ಪಲ್ಲ. ಕಬ್ಬಿನ ಹೊಲದಲ್ಲಿ ಗುಡಿಸಲು ಹಾಕಿದ ಜಾಗದಿಂದ ಅಂಗಡಿ ದೂರ. ದವಾಖಾನೆ ಇನ್ನೂ ದೂರ. ನಡುರಾತ್ರಿ ಕೂಸಿಗೆ ಜ್ವರ ಬಂದರೆ, ಯಾರಿಗಾದರೂ ಹಾವು ಕಚ್ಚಿದರೆ ಗಾಡಿಯೇ ಆಧಾರ. ಆದರೆ ಒಯ್ಯುವ ರೀತಿ ಸರಿ ಇರಬೇಕು. ರೀತಿ ತಪ್ಪಿದರೆ ಜೀವಕ್ಕೆ ಆಧಾರವಾಗುವ ಗಾಡಿಯೇ ಜೀವಕ್ಕೆ ಮುಳುವಾಗುತ್ತದೆ. ಆ ಸರಿಯಾದ ರೀತಿಯನ್ನು ಈ ಪಾಠದಲ್ಲಿ ಕಲಿಯೋಣ.

ಮಾತುಕತೆ

(ಗಂಡ, ಹೆಂಡತಿ ಸಾಮಾನು ಕಟ್ಟುತ್ತಿದ್ದಾರೆ. ಪಕ್ಕದ ಮನೆಯ ಕಾಕಾ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಕಾಕಾ ಬಹಳ ವರ್ಷ ಟ್ರ್ಯಾಕ್ಟರ್ ಹೊಡೆದವರು.)

ಹೆಂಡತಿ: ಏನ್ರಿ, ಗಾಡಿ ಟ್ರೇಲರದಾಗ ಹಾಕ್ತೀರಂತ. ಹಂಗಾದ್ರ ನಾನು, ಮಕ್ಕಳು ಎಲ್ಲಿ ಕುಂಡ್ರೂದು?

ಗಂಡ: ಅಲ್ಲೇ, ಗಾಡಿ ಬಾಜೂಕ. ಹಾಸಿಗಿ ಹಾಸಿ ಕೊಡ್ತೀನಿ. ರಾತ್ರಿ ಹೊಂಟ್ರ ಮುಂಜಾನಿ ಮುಟ್ಟತೀವಿ. ಮಕ್ಕಳು ಮಲ್ಕೊಂಡು ಬರ್ತಾವ.

ಹೆಂಡತಿ: ಸಣ್ಣಾಂವಗ ಪೆಟ್ರೋಲ್ ವಾಸನಿ ಆಗೂದಿಲ್ಲ. ವಾಂತಿ ಮಾಡ್ತಾನ.

ಕಾಕಾ: ವಾಂತಿ ದೊಡ್ಡ ಮಾತಲ್ಲ, ತಂಗಿ. ವಾಸನಿ ಬರ್ತದ ಅಂದ್ರ ಅಲ್ಲಿ ಪೆಟ್ರೋಲ್ ಆವಿ ಅದ ಅಂತ ಅರ್ಥ. ಯಾರರೇ ಒಂದು ಬೀಡಿ ಹಚ್ಚಿದ್ರ ಮುಗೀತು.

ಗಂಡ: ಎಲ್ಲಾರೂ ಹಂಗ ಹೋಗ್ತಾರಲ್ಲ, ಕಾಕಾ. ಯಾರಿಗೂ ಏನೂ ಆಗಿಲ್ಲ.

ಕಾಕಾ: ಆಗೂತನಕ ಏನೂ ಆಗಿರೂದಿಲ್ಲಪಾ. ನಿನ್ನ ಗಾಡಿ ನೂರಾ ಹನ್ನೆರಡು ಕಿಲೋ ಅದ. ತಗ್ಗಿನಾಗ ಟ್ರೇಲರ್ ಜಿಗಿದು ಒಂದು ಹಗ್ಗ ಹರೀತಂದ್ರ ಅದು ಎತ್ತ ಬೀಳ್ತದ? ಮಲಗಿದ ಮಕ್ಕಳ ಮ್ಯಾಲೆ.

ಹೆಂಡತಿ: ಹಂಗಾದ್ರ ಗಾಡಿ ಮನ್ಯಾಗ ಬಿಟ್ಟು ಹೋಗೂಣೇನ್ರಿ, ಕಾಕಾ?

ಕಾಕಾ: ಬ್ಯಾಡವ್ವಾ, ಒಯ್ಯಿರಿ. ಗಾಡಿ ಇಲ್ಲದ ಅಲ್ಲಿ ನಡ್ಯೂದಿಲ್ಲ. ಆದ್ರ ಒಂದು ಮಾತು ನೆನಪಿಡ್ರಿ. ಗಾಡಿ ಇದ್ದಲ್ಲಿ ಮಕ್ಕಳು ಬ್ಯಾಡ. ಗಾಡಿ ಟ್ರೇಲರದಾಗ, ಮಕ್ಕಳು ಬಸ್ಸಿನ್ಯಾಗ.

ಗಂಡ: ಬಸ್ಸಿಗೆ ರೊಕ್ಕ ಯಾರು ಕೊಡ್ತಾರ?

ಕಾಕಾ: ಲೆಕ್ಕ ಹಾಕೂಣ ಬಾ. ನೀ ತಿಳ್ಕೊಂಡಷ್ಟು ಆಗೂದಿಲ್ಲ.

ಪೆಟ್ರೋಲಿನ ಗುಣ ತಿಳಿಯೋಣ

ಪೆಟ್ರೋಲ್ ಮತ್ತು ಸೀಮೆಎಣ್ಣೆ ಒಂದೇ ಅಲ್ಲ. ಗುಣ ಬೇರೆ. ತಣ್ಣಗಿರುವ ಸೀಮೆಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಪೆಟ್ರೋಲ್ ಹಾಗಲ್ಲ. ಕೊರೆಯುವ ಚಳಿಯಲ್ಲಿಯೂ ಅದು ಆವಿಯಾಗುತ್ತಲೇ ಇರುತ್ತದೆ. ಬೆಂಕಿ ಮೊದಲು ಹಿಡಿಯುವುದು ಆ ಆವಿಗೆ. ಬೆಂಕಿ ಪೆಟ್ರೋಲನ್ನು ಮುಟ್ಟಬೇಕಾಗಿಲ್ಲ. ಆವಿ ಇರುವ ಕಡೆ ಒಂದು ಕಿಡಿ ಬಿದ್ದರೆ ಸಾಕು.

ಇನ್ನೊಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಅದು ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿದು ನಿಲ್ಲುತ್ತದೆ. ಟ್ರೇಲರಿಗೆ ನಾಲ್ಕು ಕಡೆ ತಗಡಿನ ಗೋಡೆ. ಮೇಲೆ ತಾಡಪತ್ರಿ ಹೊದಿಸಿದರೆ ಗಾಳಿ ಆಡುವುದಿಲ್ಲ. ಆವಿ ತಳದಲ್ಲಿಯೇ ನಿಲ್ಲುತ್ತದೆ. ಮಕ್ಕಳು ಮಲಗುವುದು ಎಲ್ಲಿ? ಅದೇ ತಳದಲ್ಲಿ.

ರೈಲಿನ ನಿಯಮ ನೋಡಿ. ಗಾಡಿಯನ್ನು ರೈಲಿನಲ್ಲಿ ಪಾರ್ಸೆಲ್ ಮಾಡಬಹುದು. ಆದರೆ ಟಾಕಿಯಲ್ಲಿ ಪೆಟ್ರೋಲ್ ಇದ್ದರೆ ರೈಲ್ವೆಯವರು ಗಾಡಿ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಖಾಲಿ ಮಾಡಿಸುತ್ತಾರೆ. ಜನರೇ ಇಲ್ಲದ ಪಾರ್ಸೆಲ್ ಡಬ್ಬಿಗೆ ಇಷ್ಟು ಕಾಳಜಿ. ಹಾಗಾದರೆ ನಮ್ಮ ಟ್ರೇಲರಿಗೆ ಎಷ್ಟು ಕಾಳಜಿ ಬೇಕು?

ಏರಿಸುವ ಮೊದಲು

1. ಪೆಟ್ರೋಲ್ ಕಡಿಮೆ ಮಾಡಿ. ಹೊರಡುವ ನಾಲ್ಕು ದಿನ ಮೊದಲೇ ಟಾಕಿ ತುಂಬಿಸುವುದನ್ನು ನಿಲ್ಲಿಸಿ. ಗಾಡಿ ಹೊಡೆಯುತ್ತಾ ಪೆಟ್ರೋಲ್ ತಾನೇ ಕಡಿಮೆಯಾಗಲಿ. ಏರಿಸುವಾಗ ಅರ್ಧ ಲೀಟರಿನಷ್ಟು ಉಳಿದರೆ ಸಾಕು. ಮುಟ್ಟಿದ ಮೇಲೆ ಹತ್ತಿರದ ಪಂಪಿನಲ್ಲಿ ಹಾಕಿಸಿ.

2. ಪೆಟ್ರೋಲನ್ನು ಬಾಟಲಿಯಲ್ಲಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಟ್ರೇಲರಿನಲ್ಲಿ ಇಡಬೇಡಿ. ಬಾಟಲಿ ಒಡೆಯುತ್ತದೆ. ಮುಚ್ಚಳ ಸಡಿಲಾಗುತ್ತದೆ. ಕತ್ತಲಲ್ಲಿ ಯಾರೋ ಸೀಮೆಎಣ್ಣೆ ಎಂದು ಚಿಮಣಿಗೆ ಹಾಕಿದರೆ ಅನಾಹುತ.

3. ಪೆಟ್ರೋಲ್ ಕಾಕ್ ಬಂದ್ ಮಾಡಿ. ಹಳೆಯ ಗಾಡಿಗಳಲ್ಲಿ ಟಾಕಿಯ ಕೆಳಗೆ ಚಿಕ್ಕ ತಿರುಗುಣಿ ಇರುತ್ತದೆ. ಆನ್ ಎಂದರೆ ತೆರೆದಿದೆ. ಆಫ್ ಎಂದರೆ ಮುಚ್ಚಿದೆ. ಆಫ್ ಇರುವ ಕಡೆ ತಿರುಗಿಸಿ. 2020ರ ಏಪ್ರಿಲ್ ನಂತರ ಬಂದ ಹೊಸ ನಮೂನೆಯ ಗಾಡಿಗಳಲ್ಲಿ ಹೆಚ್ಚಾಗಿ ಈ ಕಾಕ್ ಇಲ್ಲ. ಅಲ್ಲಿ ಕೀಲಿ ಬಂದ್ ಮಾಡಿ ತೆಗೆದುಕೊಂಡರೆ ಸಾಕು.

4. ಟಾಕಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಪೈಪಿನಿಂದ ಪೆಟ್ರೋಲ್ ಜಿನುಗುತ್ತಿದ್ದರೆ ಮೊದಲು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಜಿನುಗುವ ಗಾಡಿ ಟ್ರೇಲರ್ ಏರಬಾರದು.

5. ಗಾಡಿ ಆರಲು ಬಿಡಿ. ಸೈಲೆನ್ಸರ್ ಬಿಸಿ ಇರುವಾಗ ಪಕ್ಕದಲ್ಲಿ ಹಾಸಿಗೆ, ಮೇವು, ರವದಿ ಇಡಬೇಡಿ. ಕನಿಷ್ಠ ಅರ್ಧ ತಾಸು ಆರಲಿ.

6. ಕನ್ನಡಿ ಬಿಚ್ಚಿಡಿ. ಬ್ಯಾಗು, ಡಬ್ಬಿ ತೆಗೆಯಿರಿ. ಸಾಮಾನು ಎಳೆಯುವಾಗ ಮೊದಲು ಮುರಿಯುವುದು ಕನ್ನಡಿ.

ಗಾಡಿ ಏರಿಸುವುದು

ಒಂದು ನೂರು ಸಿಸಿ ಗಾಡಿಯ ತೂಕ ಸುಮಾರು 110ರಿಂದ 120 ಕಿಲೋ. ಟಿವಿಎಸ್ ಎಕ್ಸೆಲ್ ಆದರೆ ಸುಮಾರು 90 ಕಿಲೋ. ಬುಲೆಟ್ ಆದರೆ ಸುಮಾರು 190 ಕಿಲೋ. ನಾಲ್ಕು ಜನ ಹಿಡಿದು ಎತ್ತಿ ಹಾಕುವುದು ನಮ್ಮ ರೂಢಿ. ಇದರಿಂದ ಸೊಂಟ ಹಿಡಿಯುತ್ತದೆ. ಬೆರಳು ಸಿಕ್ಕುತ್ತದೆ. ಒಬ್ಬನ ಕೈ ಜಾರಿದರೆ ಗಾಡಿ ಉಳಿದವರ ಕಾಲಿನ ಮೇಲೆ ಬೀಳುತ್ತದೆ.

ಎತ್ತಬೇಡಿ. ತಳ್ಳಿ. ಇದಕ್ಕೆ ಎರಡು ದಾರಿ ಇವೆ.

ಮೊದಲನೆಯ ದಾರಿ ದಿಬ್ಬ. ಹೊಲದ ಒಡ್ಡು, ಕಾಲುವೆಯ ದಂಡೆ, ಮಣ್ಣಿನ ದಿಬ್ಬ ಎಲ್ಲ ಊರಿನಲ್ಲಿಯೂ ಇರುತ್ತವೆ. ಟ್ರೇಲರಿನ ತಳದಷ್ಟೇ ಎತ್ತರದ ಗಟ್ಟಿ ದಿಬ್ಬ ಹುಡುಕಿ. ಟ್ರೇಲರನ್ನು ಹಿಂದೆ ಸರಿಸಿ ದಿಬ್ಬಕ್ಕೆ ಹಚ್ಚಿ. ನಡುವಿನ ಸಂದಿಗೆ ಗಟ್ಟಿ ಹಲಗೆ ಹಾಕಿ. ಗಾಡಿಯನ್ನು ನೆಲದ ಮೇಲೆ ತಳ್ಳಿದ ಹಾಗೆ ಒಳಗೆ ತಳ್ಳಬಹುದು. ಇದಕ್ಕಿಂತ ಸುಲಭ ಮತ್ತೊಂದಿಲ್ಲ.

ಎರಡನೆಯ ದಾರಿ ಹಲಗೆ. ಟ್ರೇಲರಿನ ಎತ್ತರ ಅಳೆಯಿರಿ. ಹಲಗೆ ಅದರ ಮೂರು ಪಟ್ಟು ಉದ್ದ ಇರಲಿ. ಎತ್ತರ 3 ಅಡಿ ಇದ್ದರೆ ಹಲಗೆ 9 ಅಡಿ ಬೇಕು. ಯಾಕೆ ಎಂದು ನೋಡೋಣ.

ಗಾಡಿಯ ತೂಕ 120 ಕಿಲೋ ಎಂದು ಹಿಡಿಯಿರಿ.
ಎತ್ತರ 3 ಅಡಿ. ಹಲಗೆ 9 ಅಡಿ.
3 ಅಡಿ ಎಂದರೆ 9 ಅಡಿಯ ಮೂರನೇ ಒಂದು ಭಾಗ.
120 ಕಿಲೋದ ಮೂರನೇ ಒಂದು ಭಾಗ 40 ಕಿಲೋ.

ನೇರವಾಗಿ ಎತ್ತಿದರೆ 120 ಕಿಲೋ ಎತ್ತಬೇಕು. ಹಲಗೆಯ ಮೇಲೆ ತಳ್ಳಿದರೆ ಸುಮಾರು 40 ಕಿಲೋದಷ್ಟು ಬಲ ಸಾಕು. ತಿಕ್ಕಾಟಕ್ಕೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಹಲಗೆ ಉದ್ದವಾದಷ್ಟು ಕೆಲಸ ಹಗುರ. ಗಿಡ್ಡ ಹಲಗೆಯ ಮೇಲೆ ಗಾಡಿ ಹಿಂದಕ್ಕೆ ಜಾರುತ್ತದೆ. ಗಾಡಿಯ ಹೊಟ್ಟೆ ಟ್ರೇಲರಿನ ಅಂಚಿಗೆ ತಾಗುತ್ತದೆ.

ಏರಿಸುವಾಗ ಈ ಮಾತುಗಳನ್ನು ಮರೆಯಬೇಡಿ.

ಟ್ರೇಲರ್ ಟ್ರ್ಯಾಕ್ಟರಿಗೆ ಜೋಡಿಸಿಯೇ ಇರಬೇಕು. ಬಿಡಿ ಟ್ರೇಲರಿನ ಹಿಂದೆ ಭಾರ ಬಿದ್ದರೆ ಅದು ಹಿಂದಕ್ಕೆ ವಾಲಿ ಮೂಗು ಮೇಲೆತ್ತುತ್ತದೆ. ಟ್ರ್ಯಾಕ್ಟರಿನ ಇಂಜಿನ್ ಬಂದ್ ಇರಲಿ. ಬ್ರೇಕ್ ಹಾಕಿರಲಿ. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.

ಹಲಗೆ ಎರಡು ಇಂಚು ದಪ್ಪದ ಗಟ್ಟಿ ಮರದ್ದಿರಲಿ. ಗಂಟು ಒಡೆದ, ಗೆದ್ದಲು ತಿಂದ ಹಲಗೆ ಬೇಡ. ಹಲಗೆಯ ಮೇಲಿನ ತುದಿಯನ್ನು ಟ್ರೇಲರಿಗೆ ಹಗ್ಗದಿಂದ ಬಿಗಿಯಿರಿ. ಇಲ್ಲದಿದ್ದರೆ ಗಾಲಿ ಏರಿದಾಗ ಹಲಗೆ ಹಿಂದಕ್ಕೆ ಚಿಮ್ಮುತ್ತದೆ. ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಿ. ಒಂದು ಗಾಡಿಗೆ, ಇನ್ನೊಂದು ಹ್ಯಾಂಡಲ್ ಹಿಡಿದವರ ಕಾಲಿಗೆ.

ಗಾಡಿಯ ಮೇಲೆ ಕೂತು, ಇಂಜಿನ್ ಹಚ್ಚಿ ಏರಿಸಬೇಡಿ. ಒಬ್ಬರು ಹ್ಯಾಂಡಲ್ ಹಿಡಿಯಲಿ. ಇಬ್ಬರು ಹಿಂದಿನಿಂದ, ಎರಡು ಬದಿಯಲ್ಲಿ ನಿಂತು ತಳ್ಳಲಿ. ಸರಿಯಾಗಿ ಗಾಡಿಯ ಹಿಂದೆ ಯಾರೂ ನಿಲ್ಲಬಾರದು.

ಇಲ್ಲಿ ಒಂದು ಉಪಾಯ ಇದೆ. ಇಂಜಿನ್ ಬಂದ್ ಇಟ್ಟು ಗಾಡಿಯನ್ನು ಒಂದನೇ ಗೇರಿಗೆ ಹಾಕಿ. ಕ್ಲಚ್ ಹಿಡಿದು ತಳ್ಳಿ. ನಡುವೆ ದಣಿವಾದರೆ, ಕಾಲು ಜಾರಿದರೆ ಕ್ಲಚ್ ಬಿಡಿ. ಹಿಂದಿನ ಗಾಲಿ ಹಿಡಿದುಕೊಳ್ಳುತ್ತದೆ. ಗಾಡಿ ಅಲ್ಲೇ ನಿಲ್ಲುತ್ತದೆ. ಟಿವಿಎಸ್ ಎಕ್ಸೆಲ್ಲಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಎರಡೂ ಬ್ರೇಕು ಕೈಯಲ್ಲೇ ಇರುತ್ತವೆ. ಅವನ್ನೇ ಹಿಡಿಯಿರಿ.

ಕಟ್ಟುವುದು

ಗಾಡಿಯನ್ನು ಟ್ರೇಲರಿನ ಮುಂಭಾಗಕ್ಕೆ ಒಯ್ಯಿರಿ. ಮುಂದಿನ ಗಾಲಿ ಟ್ರೇಲರಿನ ಮುಂದಿನ ಗೋಡೆಗೆ ತಾಗಿ ನೆಟ್ಟಗೆ ನಿಲ್ಲಲಿ. ಒಂದನೇ ಗೇರಿನಲ್ಲಿಯೇ ಇರಲಿ.

ಗಾಡಿಯನ್ನು ಅಡ್ಡ ಮಲಗಿಸಬೇಡಿ. ಮಲಗಿಸಿದರೆ ಪೆಟ್ರೋಲ್ ಸೋರುತ್ತದೆ. ಹಳೆಯ ನಮೂನೆಯ ಬ್ಯಾಟರಿ ಇದ್ದರೆ ಆಸಿಡ್ ಚೆಲ್ಲುತ್ತದೆ. ಆ ಆಸಿಡ್ ಬಟ್ಟೆ ಸುಡುತ್ತದೆ, ಮೈ ಸುಡುತ್ತದೆ.

ಸ್ಟ್ಯಾಂಡ್ ನಂಬಬೇಡಿ. ನೆಲ ಅಲುಗದಿದ್ದರೆ ಸ್ಟ್ಯಾಂಡ್ ಒಳ್ಳೆಯದು. ಓಡುವ ಟ್ರೇಲರಿನಲ್ಲಿ ನೆಲವೇ ಜಿಗಿಯುತ್ತದೆ. ಸ್ಟ್ಯಾಂಡ್ ಜಾರುತ್ತದೆ, ಡೊಂಕಾಗುತ್ತದೆ. ಗಾಡಿ ನಿಲ್ಲಬೇಕಾದದ್ದು ತನ್ನ ಎರಡು ಗಾಲಿಯ ಮೇಲೆ. ಅದನ್ನು ಹಿಡಿಯಬೇಕಾದದ್ದು ನಾಲ್ಕು ಹಗ್ಗ. ಕಟ್ಟುವವರೆಗೆ ಒಬ್ಬರು ಗಾಡಿ ಹಿಡಿದು ನಿಲ್ಲಲಿ. ಕಟ್ಟಿದ ಮೇಲೆ ಸ್ಟ್ಯಾಂಡ್ ಮೇಲೆತ್ತಿ.

ನಾಲ್ಕು ಹಗ್ಗ ಹೀಗೆ ಕಟ್ಟಿ:

ಮುಂದೆ ಎರಡು. ಹ್ಯಾಂಡಲಿನ ಕೆಳಗೆ, ಮುಂದಿನ ಶಾಕ್ ಪೈಪುಗಳು ಸೇರುವ ಗಟ್ಟಿ ಜಾಗದಿಂದ ಒಂದು ಎಡಕ್ಕೆ, ಒಂದು ಬಲಕ್ಕೆ.

ಹಿಂದೆ ಎರಡು. ಸೀಟಿನ ಕೆಳಗಿನ ಗಟ್ಟಿ ಚೌಕಟ್ಟಿನಿಂದ ಒಂದು ಎಡಕ್ಕೆ, ಒಂದು ಬಲಕ್ಕೆ.

ಪ್ರತಿ ಹಗ್ಗ ಕೆಳಗೆ ಮತ್ತು ಹೊರಗೆ ಓರೆಯಾಗಿ ಎಳೆಯಬೇಕು. ಡೇರೆಯ ಗೂಟದ ಹಗ್ಗ ನೆನಪಿಸಿಕೊಳ್ಳಿ. ನಾಲ್ಕು ಕಡೆ ಓರೆ ಎಳೆದಾಗಲೇ ಡೇರೆ ಗಾಳಿಗೆ ನಿಲ್ಲುತ್ತದೆ. ಗಾಡಿಯೂ ಹಾಗೆಯೇ.

ಮುಂದಿನ ಹಗ್ಗ ಬಿಗಿಯುವಾಗ ಒಬ್ಬರು ಹ್ಯಾಂಡಲ್ ಕೆಳಗೆ ಒತ್ತಲಿ. ಶಾಕ್ ಅರ್ಧದಷ್ಟು ಕುಗ್ಗಲಿ. ಆಗ ಗಂಟು ಹಾಕಿ. ಶಾಕ್ ಮೇಲೆ ಏಳಲು ನೋಡುತ್ತದೆ, ಹಗ್ಗ ತಾನೇ ಬಿಗಿಯಾಗಿ ಉಳಿಯುತ್ತದೆ. ಆದರೆ ಪೂರ್ತಿ ಒತ್ತಿ ಕಟ್ಟಬೇಡಿ. ಪೂರ್ತಿ ಒತ್ತಿದರೆ ಶಾಕಿನ ಆಯಿಲ್ ಸೀಲ್ ಕೆಡುತ್ತದೆ.

ಇಂಡಿಕೇಟರ್, ಸೈಲೆನ್ಸರ್, ಬ್ರೇಕಿನ ವಾಯರ್, ಹ್ಯಾಂಡಲಿನ ತುದಿ ಇವುಗಳಿಗೆ ಹಗ್ಗ ಕಟ್ಟಬೇಡಿ. ತಗಡಿನ ಅಂಚಿಗೆ ಹಗ್ಗ ತಾಗುವ ಕಡೆ ಹಳೆಯ ಟ್ಯೂಬಿನ ತುಂಡು ಅಥವಾ ಗೋಣಿಚೀಲ ಸುತ್ತಿ. ಟ್ರೇಲರ್ ಅಲುಗಿದಂತೆ ಅಂಚು ಗರಗಸದ ಹಾಗೆ ಹಗ್ಗ ಕೊಯ್ಯುತ್ತದೆ.

ಕೊನೆಗೆ ಒಂದು ಪರೀಕ್ಷೆ. ಗಾಡಿಯ ಸೀಟು ಹಿಡಿದು ಜೋರಾಗಿ ಅಲುಗಿಸಿ. ಗಾಡಿಯ ಜೊತೆ ಟ್ರೇಲರೂ ಅಲುಗಿದರೆ ಕಟ್ಟಿದ್ದು ಸರಿ. ಗಾಡಿ ಮಾತ್ರ ಅಲುಗಿದರೆ ಮತ್ತೆ ಬಿಗಿಯಿರಿ.

ಸಾಮಾನು ಹೊಂದಿಸುವುದು

ಗಾಡಿಯ ಎರಡೂ ಬದಿಗೆ ಜೋಳದ ಚೀಲ, ಹಾಸಿಗೆಯ ಗಂಟು ಒತ್ತಾಗಿ ಇಡಿ. ಒಲೆ, ಕಡ್ಡಿಪೆಟ್ಟಿಗೆ, ಚಿಮಣಿ, ಗ್ಯಾಸ್ ಸಿಲಿಂಡರ್ ಗಾಡಿಯಿಂದ ದೂರ ಇರಲಿ. ಎರಡು ಟ್ರೇಲರ್ ಇದ್ದರೆ ಒಂದರಲ್ಲಿ ಗಾಡಿ, ಇನ್ನೊಂದರಲ್ಲಿ ಒಲೆ ಮತ್ತು ಸಿಲಿಂಡರ್ ಇಡಿ. ಒಲೆಯ ಬೂದಿಯಲ್ಲಿ ಕೆಂಡ ಉಳಿದಿದೆಯೇ ನೋಡಿ, ನೀರು ಹಾಕಿ ಆರಿಸಿ. ಕೊಯ್ತಾಗಳ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ. ಗಾಡಿಯ ಮೇಲೆ ತಾಡಪತ್ರಿ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಆಡಲಿ.

ದಾರಿಯಲ್ಲಿ

ಮೊದಲ ಐದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ. ಹೊಸದಾಗಿ ಕಟ್ಟಿದ ಹಗ್ಗ ಮೊದಲ ಕುಲುಕಾಟಕ್ಕೆ ಸಡಿಲಾಗುತ್ತದೆ. ಮತ್ತೆ ಬಿಗಿಯಿರಿ. ಆಮೇಲೆ ತಾಸಿಗೊಮ್ಮೆ ನೋಡಿ. ಪೆಟ್ರೋಲ್ ವಾಸನೆ ಬಂದರೆ ನಿಲ್ಲಿಸಿ ಕಾರಣ ಹುಡುಕಿ. ಆ ಹೊತ್ತಿನಲ್ಲಿ ಬೀಡಿ, ಕಡ್ಡಿ ಹತ್ತಿರ ಬೇಡ. ಕತ್ತಲಲ್ಲಿ ಚಿಮಣಿ ಹಿಡಿದು ನೋಡಬೇಡಿ, ಬ್ಯಾಟರಿ ಹಿಡಿದು ನೋಡಿ.

ಆದಷ್ಟು ಹಗಲಿನಲ್ಲಿ ಹೋಗಿ. ರಾತ್ರಿ ಹೋಗುವುದು ಅನಿವಾರ್ಯವಾದರೆ ಟ್ರೇಲರಿನ ಹಿಂದೆ ಕೆಂಪು ದೀಪ ಮತ್ತು ಮಿಂಚುವ ಪಟ್ಟಿ ಇರಲೇಬೇಕು.

ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಪೆಟ್ರೋಲ್ ನೀರಿಗಿಂತ ಹಗುರ. ಅದು ನೀರಿನ ಮೇಲೆ ತೇಲುತ್ತದೆ, ಬೆಂಕಿ ಇನ್ನೂ ಹರಡುತ್ತದೆ. ಮಣ್ಣು, ಉಸುಕು ಹಾಕಿ. ಬೆಂಕಿ ದೊಡ್ಡದಾದರೆ ಸಾಮಾನಿನ ಆಸೆ ಬಿಟ್ಟು ದೂರ ಓಡಿ. 112ಕ್ಕೆ ಫೋನ್ ಮಾಡಿ. ಯಾರಿಗಾದರೂ ಸುಟ್ಟಿದ್ದರೆ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಅರಿಶಿನ, ಎಣ್ಣೆ, ಪೇಸ್ಟ್ ಹಚ್ಚಬೇಡಿ. ಆಂಬುಲೆನ್ಸಿಗೆ 108.

ಜನ ಹೇಗೆ ಹೋಗಬೇಕು?

ಟ್ರೇಲರ್ ಇರುವುದು ಸಾಮಾನಿಗೆ. ಅದರಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಟ್ರ್ಯಾಕ್ಟರಿನಲ್ಲಿ ಚಾಲಕನಿಗೆ ಮಾತ್ರ ಸೀಟು. ಮಡ್‌ಗಾರ್ಡಿನ ಮೇಲೆ ಕೂರುವುದೂ ತಪ್ಪು. ಟ್ರೇಲರಿನಲ್ಲಿ ಕೂತವರಿಗೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಪರಿಹಾರಕ್ಕಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಬಸ್ಸಿನ ಲೆಕ್ಕ ನೋಡೋಣ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೇಟು. 5ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೇಟು. 5 ವರ್ಷದೊಳಗಿನವರಿಗೆ ಟಿಕೇಟು ಇಲ್ಲ. ಪೂರ್ತಿ ಟಿಕೇಟು 200 ರೂಪಾಯಿ ಎಂದು ಹಿಡಿಯೋಣ.

ಗಂಡ: 200 ರೂಪಾಯಿ
ಹೆಂಡತಿ: 100 ರೂಪಾಯಿ
8 ವರ್ಷದ ಮಗಳು: 100 ರೂಪಾಯಿ
3 ವರ್ಷದ ಮಗ: ಇಲ್ಲ
ಒಟ್ಟು: 400 ರೂಪಾಯಿ

ಒಂದು ಸಂಸಾರ ಜೀವ ಕೈಯಲ್ಲಿ ಹಿಡಿಯದೆ ಹೋಗಲು 400 ರೂಪಾಯಿ. ಮುಂಗಡ ತೆಗೆದುಕೊಳ್ಳುವಾಗಲೇ ಮುಕಾದಮನಿಗೆ ಹೇಳಿ: “ಬಸ್ಸಿನ ಖರ್ಚು ನೀವು ಕೊಡಬೇಕ್ರಿ.” ಒಪ್ಪಿದರೆ ಚೀಟಿಯಲ್ಲಿ ಬರೆಸಿ. ಓದಿ ನೋಡಿ ಸಹಿ ಮಾಡಿ. ಗ್ಯಾಂಗಿನ ಎಲ್ಲ ಜೋಡಿಗಳು ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಕರ್ನಾಟಕದ ಕಡೆ ಹೋಗುವವರು ಒಂದು ತಿಳಿದಿರಲಿ. ಕರ್ನಾಟಕದಲ್ಲಿ 2023ರ ಜೂನಿನಲ್ಲಿ ಶುರುವಾದ ಹೆಂಗಸರ ಉಚಿತ ಬಸ್ ಪ್ರಯಾಣ ಆ ರಾಜ್ಯದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ನಾವು ಕನ್ನಡ ಮಾತಾಡಿದರೂ ನಮ್ಮ ವಿಳಾಸ ಮಹಾರಾಷ್ಟ್ರದ್ದು. ಟಿಕೇಟಿನ ರೊಕ್ಕ ಇಟ್ಟುಕೊಂಡು ಹೊರಡಿ.

ಗಾಡಿಯನ್ನು ಹೊಡೆದುಕೊಂಡು ಹೋಗಬಾರದೇ? ಹೋಗಬಹುದು. ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು, ಹಗಲು ಬೇಕು. ಒಬ್ಬರು ಅಥವಾ ಇಬ್ಬರು ಮಾತ್ರ. ಹೆಂಡತಿ, ಎರಡು ಮಕ್ಕಳು, ಒಂದು ಗಂಟು ಕೂಡಿ ನಾಲ್ಕು ಜನ ಒಂದೇ ಗಾಡಿಯ ಮೇಲೆ ಹೋಗುವುದು ಬೇಡ.

ಕಾಗದಪತ್ರ

ಗಾಡಿಯ ಜೊತೆ ಆರ್.ಸಿ., ವಿಮೆ ಮತ್ತು ಪಿ.ಯು.ಸಿ. ಇರಲಿ. ಇವನ್ನು ಸಾಮಾನಿನ ಗಂಟಿನಲ್ಲಿ ಇಡಬೇಡಿ, ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಫೋನಿನ ಡಿಜಿಲಾಕರಿನಲ್ಲಿ ತೋರಿಸಿದರೂ 2018ರಿಂದ ನಡೆಯುತ್ತದೆ.

ನಮ್ಮ ಸಾಂಗಲಿ ಜಿಲ್ಲೆಯ ಗಾಡಿಯ ನಂಬರು ಎಂ.ಎಚ್. 10 ಎಂದು ಶುರುವಾಗುತ್ತದೆ. ಸೊಲ್ಲಾಪುರದ್ದು ಎಂ.ಎಚ್. 13. ಈ ನಂಬರಿನ ಗಾಡಿ ಕರ್ನಾಟಕಕ್ಕೆ ಹೋದರೆ ನಂಬರು ಬದಲಿಸಬೇಕೇ? 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟರೆ ಮಾತ್ರ ಬದಲಿಸಬೇಕು. ಹಂಗಾಮಿನ ಐದಾರು ತಿಂಗಳಿಗೆ ಬೇಕಿಲ್ಲ. ಯಾರಾದರೂ ಹೆದರಿಸಿ ರೊಕ್ಕ ಕೇಳಿದರೆ ಈ ಮಾತು ಹೇಳಿ.

ವಿಮೆಯಲ್ಲಿ ಎರಡು ಬಗೆ. ಥರ್ಡ್ ಪಾರ್ಟಿ ವಿಮೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ಟ್ರೇಲರಿನಲ್ಲಿ ಬಿದ್ದು ನಮ್ಮ ಗಾಡಿ ಕೆಟ್ಟರೆ ಅದರಿಂದ ಏನೂ ಸಿಗುವುದಿಲ್ಲ. ಪೂರ್ತಿ ವಿಮೆ ಇದ್ದರೆ, ಗಾಡಿಯನ್ನು ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆದ ಹಾನಿಯೂ ಅದರಲ್ಲಿ ಸೇರುತ್ತದೆ. ನಿಮ್ಮದು ಯಾವುದು ಎಂದು ಓದಿ ನೋಡಿ.

ಮುಟ್ಟಿದ ಮೇಲೆ

ಇಳಿಸುವಾಗಲೂ ದಿಬ್ಬ ಅಥವಾ ಹಲಗೆ ಬೇಕು. ಗಾಡಿಯನ್ನು ಹಿಮ್ಮುಖವಾಗಿ, ಹಿಂದಿನ ಗಾಲಿ ಮೊದಲು ಬರುವಂತೆ ಇಳಿಸಿ. ಒಂದನೇ ಗೇರಿನಲ್ಲಿಟ್ಟು ಕ್ಲಚ್ ಸ್ವಲ್ಪ ಸ್ವಲ್ಪ ಹಿಡಿದು ಬಿಡುತ್ತಾ ಬನ್ನಿ. ದಣಿದ ಮೈಯಲ್ಲಿ, ಕತ್ತಲಲ್ಲಿ ಅವಸರ ಮಾಡಬೇಡಿ. ಬೆಳಗಾದ ಮೇಲೆ ಇಳಿಸಿದರೆ ನಡೆಯುತ್ತದೆ.

ಗುಡಿಸಲು ರವದಿಯದು. ಗಾಡಿಯನ್ನು ಗುಡಿಸಲಿನೊಳಗೆ ಅಥವಾ ಒಲೆಯ ಹತ್ತಿರ ನಿಲ್ಲಿಸಬೇಡಿ. ಹದಿನೈದು ಹೆಜ್ಜೆ ದೂರ ನಿಲ್ಲಿಸಿ. ಕೆಳಗೆ ಒಣ ರವದಿ ಇರಬಾರದು. ಕಳ್ಳರ ಭಯವಿದ್ದರೆ ಸರಪಳಿಯಿಂದ ಮರಕ್ಕೆ ಅಥವಾ ಟ್ರೇಲರಿನ ಗಾಲಿಗೆ ಬಿಗಿದು ಕೀಲಿ ಹಾಕಿ.

ಹೊಸ ಪದಗಳು

ಹಂಗಾಮು: ಕೆಲಸ ನಡೆಯುವ ಕಾಲ
ಮುಕಾದಮ: ಗ್ಯಾಂಗಿನ ಮುಖ್ಯಸ್ಥ
ರವದಿ: ಕಬ್ಬಿನ ಒಣ ಎಲೆ
ಅನಿವಾರ್ಯ: ಬೇರೆ ದಾರಿ ಇಲ್ಲದ್ದು
ಪರಿಹಾರ: ಹಾನಿಗೆ ಬದಲಾಗಿ ಸಿಗುವ ಹಣ

ಅಭ್ಯಾಸ

ಅ) ಸರಿಯೋ ತಪ್ಪೋ ಬರೆಯಿರಿ.
1. ಪೆಟ್ರೋಲಿನ ಆವಿ ಮೇಲೆ ಹೋಗುತ್ತದೆ.
2. ಓಡುವ ಟ್ರೇಲರಿನಲ್ಲಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು.
3. ಪೆಟ್ರೋಲಿನ ಬೆಂಕಿಗೆ ಮಣ್ಣು ಹಾಕಬೇಕು.
4. ಆರು ತಿಂಗಳಿಗೆ ಬೇರೆ ರಾಜ್ಯಕ್ಕೆ ಹೋದರೆ ಗಾಡಿಯ ನಂಬರು ಬದಲಿಸಬೇಕು.

ಆ) ಬಿಟ್ಟ ಪದ ತುಂಬಿ.
1. ಹಲಗೆಯ ಉದ್ದ ಟ್ರೇಲರಿನ ಎತ್ತರದ ______ ಪಟ್ಟು ಇರಲಿ.
2. ಗಾಡಿಯನ್ನು ______ ಹಗ್ಗಗಳಿಂದ ಕಟ್ಟಬೇಕು.
3. ಮೊದಲ ______ ಕಿಲೋಮೀಟರಿಗೆ ನಿಲ್ಲಿಸಿ ಹಗ್ಗ ನೋಡಬೇಕು.

ಇ) ಲೆಕ್ಕ ಮಾಡಿ.
1. ಗಾಡಿಯ ತೂಕ 120 ಕಿಲೋ. ಎತ್ತರ 3 ಅಡಿ. ಹಲಗೆ 12 ಅಡಿ ಇದ್ದರೆ ಸುಮಾರು ಎಷ್ಟು ಕಿಲೋದ ಬಲ ಬೇಕು?
2. ಗಾಡಿ ಒಂದು ಲೀಟರಿಗೆ 60 ಕಿಲೋಮೀಟರ್ ಓಡುತ್ತದೆ. 120 ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು?
3. ನಿಮ್ಮ ಮನೆಯವರೆಲ್ಲ ಬಸ್ಸಿನಲ್ಲಿ ಹೋದರೆ ಎಷ್ಟು ಖರ್ಚು? ಮೇಲಿನ ಪಟ್ಟಿಯ ಹಾಗೆ ಬರೆಯಿರಿ.

ಈ) ಚೀಟಿ ಬರೆಯಿರಿ.
ಒಂದು ರಟ್ಟಿನ ತುಂಡು ತೆಗೆದುಕೊಳ್ಳಿ. ನಿಮ್ಮ ಹೆಸರು, ಊರು, ಫೋನ್ ನಂಬರ್, ಗಾಡಿಯ ನಂಬರ್ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೆಳಗೆ “ಪೆಟ್ರೋಲ್ ಇದೆ, ಬೆಂಕಿ ತರಬೇಡಿ” ಎಂದು ಬರೆಯಿರಿ. ಇದನ್ನು ಗಾಡಿಯ ಹ್ಯಾಂಡಲಿಗೆ ಕಟ್ಟಿ.

ಉ) ಕೂಡಿ ಮಾತಾಡಿ.
ಗ್ಯಾಂಗಿನ ಎಲ್ಲರ ಬಸ್ಸಿನ ಖರ್ಚನ್ನು ಮುಕಾದಮನ ಹತ್ತಿರ ಕೇಳುವುದು ಹೇಗೆ? ಯಾರು ಮಾತಾಡಬೇಕು? ಚೀಟಿಯಲ್ಲಿ ಏನೇನು ಬರೆಸಬೇಕು?

ಉತ್ತರಗಳು
ಅ) 1 ತಪ್ಪು, 2 ತಪ್ಪು, 3 ಸರಿ, 4 ತಪ್ಪು. ಆ) 1 ಮೂರು, 2 ನಾಲ್ಕು, 3 ಐದು. ಇ) 1. 30 ಕಿಲೋ, 2. 2 ಲೀಟರ್.

ನೆನಪಿಡಿ
ಟಾಕಿಯಲ್ಲಿ ಪೆಟ್ರೋಲ್ ಕಡಿಮೆ. ಗಾಡಿಗೆ ನಾಲ್ಕು ಹಗ್ಗ. ಒಲೆ ದೂರ. ಮಕ್ಕಳು ಬಸ್ಸಿನಲ್ಲಿ.